ಎರಡು ಕಾಗದಗಳ ನಡುವಿನ ಸುದ್ದಿ

ಜಿಲ್ಲಾ ಪುಟಗಳಲ್ಲಿ ಒಂದು ತಲೆಬರಹ ಸವೆದು ಸವೆದು ನುಣ್ಣಗಾಗಿದೆ: ‘ಆರ್‌ಟಿಐನಿಂದ ಬಹಿರಂಗ’. ಅದರ ಕೆಳಗೆ ಇರುವುದು ಸಾಮಾನ್ಯವಾಗಿ ಇಷ್ಟೆ. ಇಂಥ ಇಲಾಖೆ ಇಷ್ಟು ಕೋಟಿ ಖರ್ಚು ಮಾಡಿದೆ, ಇಷ್ಟು ಹುದ್ದೆ ಖಾಲಿ ಬಿದ್ದಿವೆ, ಇಷ್ಟು ಅರ್ಜಿ ವಿಲೇವಾರಿಯಾಗಿಲ್ಲ. ಜೊತೆಗೆ ಉತ್ತರ ಬಂದ ಪತ್ರದ ಫೋಟೊ, ಕೊನೆಯಲ್ಲಿ ಒಬ್ಬ ಅಧಿಕಾರಿಯ ‘ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು’. ಇದನ್ನು ತನಿಖಾ ವರದಿ ಎಂದು ಕರೆಯುವ ರೂಢಿಯ ಬಗ್ಗೆಯೇ ನನ್ನ ತಕರಾರು. ಕಚೇರಿ ತಾನೇ ಬರೆದುಕೊಟ್ಟ ಅಂಕಿಯನ್ನು ಅಚ್ಚುಹಾಕಿದರೆ ಕಚೇರಿಯ ಪ್ರಕಟಣೆಗೆ ಪತ್ರಿಕೆಯ ಬೈಲೈನ್ ಸಿಕ್ಕಂತಾಯಿತು, ಅಷ್ಟೆ. ಮೊಹರು ಬಿದ್ದಿದೆ ಎಂಬ ಕಾರಣಕ್ಕೆ ಅಂಕಿ ನಿಜವಾಗಿಬಿಡುವುದಿಲ್ಲ. ಒಂದು ದಾಖಲೆಯ ಪಕ್ಕ ಇನ್ನೊಂದನ್ನು ಇಟ್ಟು, ಎರಡಕ್ಕೂ ಎಲ್ಲಿ ತಾಳೆಯಾಗುತ್ತಿಲ್ಲ ಎಂದು ನೋಡುವ ಕಡೆ ತನಿಖೆ ಶುರುವಾಗುತ್ತದೆ.

ಇದಕ್ಕೆ ನಮ್ಮಲ್ಲೇ ದೊಡ್ಡ ಮಾದರಿ ಇದೆ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಸಲ್ಲಿಸಿದ ಅಕ್ರಮ ಗಣಿಗಾರಿಕೆ ವರದಿಯನ್ನು ರಾಜಕಾರಣಿಗಳ ಹೆಸರುಗಳಿಗಾಗಿ ಓದಿದವರೇ ಹೆಚ್ಚು. ಅದರ ಕಸುಬಿಗಾಗಿ ಓದಿದವರು ಕಡಿಮೆ. ಅರಣ್ಯ ಸೇವೆಯ ಅಧಿಕಾರಿ ಯು.ವಿ. ಸಿಂಗ್ ಅವರ ತಂಡ ಮಾಡಿದ ಕೆಲಸದ ತಿರುಳು ಹೇಳಲು ಬಲು ಸರಳ: ಬಂದರುಗಳಿಂದ ಎಷ್ಟು ಅದಿರು ಹಡಗು ಹತ್ತಿತು ಎಂಬ ಲೆಕ್ಕ ಒಂದು ಕಡೆ, ಅಷ್ಟು ಅದಿರು ಸಾಗಿಸಲು ಸರ್ಕಾರ ಎಷ್ಟು ಪರವಾನಗಿ ಕೊಟ್ಟಿತ್ತು ಎಂಬ ಲೆಕ್ಕ ಇನ್ನೊಂದು ಕಡೆ. 2006ರಿಂದ 2010ರವರೆಗಿನ ಎರಡೂ ಲೆಕ್ಕ ತಾಳೆ ಹಾಕಿದಾಗ ಸುಮಾರು 2.98 ಕೋಟಿ ಟನ್ ಅದಿರಿಗೆ ಕಾಗದವೇ ಇರಲಿಲ್ಲ. ಬೊಕ್ಕಸಕ್ಕೆ ಆದ ನಷ್ಟವನ್ನು ವರದಿ 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಕದ್ದವರು ಪರವಾನಗಿಯನ್ನು ತಪ್ಪಿಸಬಲ್ಲರು, ಚೆಕ್‌ಪೋಸ್ಟನ್ನು ಕೊಳ್ಳಬಲ್ಲರು. ಆದರೆ ಹಡಗಿಗೆ ಸರಕು ತುಂಬುವಾಗ ವಿದೇಶದ ಖರೀದಿದಾರನಿಗೆ ನಿಜವಾದ ತೂಕವನ್ನೇ ಹೇಳಬೇಕು. ಇಲ್ಲದಿದ್ದರೆ ಹಣ ಬರುವುದಿಲ್ಲ. ಅಲ್ಲಿ ಬಿತ್ತು ಗಂಟು.

ಈ ವರದಿಯ ಗುಣ ಅದು. ಪತ್ರಿಕೆಗಳಿಗೆ ಅದು ಮುಜುಗರ ತರಬೇಕಾದ ದಾಖಲೆಯೂ ಹೌದು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಹಗಲೂ ರಾತ್ರಿ ಓಡಿದ ಲಾರಿಗಳ ಸುದ್ದಿ, ಕೆಂಪು ಧೂಳಿನ ಚಿತ್ರ ಆ ವರ್ಷಗಳ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾದಾಗ ಗದ್ದಲವೂ ಆಯಿತು. ಆದರೆ ಕೂಡಿ ಕಳೆಯುವ ಲೆಕ್ಕ ಮಾಡಿಕೊಟ್ಟದ್ದು ಅರಣ್ಯ ಇಲಾಖೆಯಿಂದ ಬಂದ ಅಧಿಕಾರಿ. ಬಂದರಿನ ರಫ್ತು ಅಂಕಿಗಳು ತಿಜೋರಿಯಲ್ಲಿ ಇಡುವಂಥ ಗುಟ್ಟೇನಲ್ಲ. ಕೂತು ಕೂಡಿಸುವವರು ಸುದ್ದಿಮನೆಗಳಲ್ಲಿ ಇರಲಿಲ್ಲ.

ದೊಡ್ಡ ಹಗರಣ ಬಿಡಿ, ಊರ ಚರಂಡಿಗೆ ಬರೋಣ. ಯಾವುದಾದರೂ ಪಟ್ಟಣ ಪಂಚಾಯಿತಿಯ ಕ್ರಿಯಾ ಯೋಜನೆ ತೆಗೆದು ನೋಡಿ. ಕಾಮಗಾರಿಯ ಹೆಸರು ‘ಇಂಥವರ ಮನೆಯಿಂದ ಇಂಥವರ ಮನೆವರೆಗೆ ಸಿಸಿ ಚರಂಡಿ ನಿರ್ಮಾಣ’ ಎಂದಿರುತ್ತದೆ. ಅಂದಾಜು ಮೊತ್ತ 4.95 ಲಕ್ಷ. ಮುಂದಿನ ಸಾಲಿನ ಚರಂಡಿ ಮೊದಲನೆಯದು ಮುಗಿದ ಮನೆಯಿಂದಲೇ ಹೊರಡುತ್ತದೆ, ಮೊತ್ತ 4.98 ಲಕ್ಷ. ಅದರ ಮುಂದಿನದು 4.90. ಒಂದೇ ಬೀದಿ, ಒಂದೇ ಚರಂಡಿ, ಮೂರು ಕಾಮಗಾರಿ. ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ಅನ್ವಯಿಸುವ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ 5 ಲಕ್ಷ ದಾಟಿದರೆ ಟೆಂಡರ್ ಕರೆಯಲೇಬೇಕು. ದಾಟದಿದ್ದರೆ ‘ತುಂಡು ಗುತ್ತಿಗೆ’ಗೆ ಕೊಟ್ಟು ಕೈತೊಳೆದುಕೊಳ್ಳಬಹುದು. ಇದು ತಾಲ್ಲೂಕಿನ ಪ್ರತಿ ಗುತ್ತಿಗೆದಾರನಿಗೂ ಬಾಯಿಪಾಠ. ತಾಲ್ಲೂಕು ವರದಿಗಾರನಿಗೂ ಗೊತ್ತು.

ಆದರೆ ಇಲ್ಲಿಗೇ ನಿಂತು ‘ನಿಯಮ ಗಾಳಿಗೆ ತೂರಿ ತುಂಡು ಗುತ್ತಿಗೆ’ ಎಂದು ಬರೆದರೆ ಅದೂ ಅರ್ಧ ಸುದ್ದಿಯೇ. ಅನುದಾನವೇ ತುಂಡು ತುಂಡಾಗಿ ಬರುತ್ತದೆ: ಕೇಂದ್ರ ಹಣಕಾಸು ಆಯೋಗದ್ದು ಒಂದಿಷ್ಟು, ರಾಜ್ಯ ಹಣಕಾಸು ಆಯೋಗದ್ದು (ಎಸ್‌ಎಫ್‌ಸಿ) ಒಂದಿಷ್ಟು, ಶಾಸಕರ ನಿಧಿಯದು ಇನ್ನೊಂದಿಷ್ಟು. ಎಲ್ಲ ತುಂಡೂ ಕಳ್ಳತನವಲ್ಲ. ತನಿಖೆಯ ರುಚಿ ಇರುವುದು ಮುಂದಿನ ಹೆಜ್ಜೆಯಲ್ಲಿ. ಇದೇ ಚರಂಡಿ ಹೋದ ವರ್ಷ ಬೇರೆ ಲೆಕ್ಕ ಶೀರ್ಷಿಕೆಯಲ್ಲಿ ಬಿಲ್ ಆಗಿದೆಯೇ? ಎರಡೂ ಸಲದ ಅಳತೆ ಪುಸ್ತಕದಲ್ಲಿ (ಎಂ.ಬಿ.) ಎಂಜಿನಿಯರ್ ಬರೆದ ಉದ್ದ, ಅಗಲ, ಆಳ ಒಂದೇ ಆಗಿದೆಯೇ? ಪುಸ್ತಕದಲ್ಲಿರುವ ಮೀಟರ್‌ಗಳು ಬೀದಿಯಲ್ಲಿ ಟೇಪು ಹಿಡಿದಾಗ ಸಿಗುತ್ತವೆಯೇ? ಮನೆಗಳ ಹೆಸರು ಇರುವುದರಿಂದ ಹುಡುಕುವ ಕಷ್ಟವಿಲ್ಲ, ಬಾಗಿಲು ತಟ್ಟಿ ಕೇಳಿದರಾಯಿತು. ಸರ್ಕಾರಿ ಕಾಗದದಲ್ಲಿ ಇಷ್ಟು ಖಚಿತವಾದ ವಿಳಾಸ ಸಿಗುವುದು ಅಪರೂಪ.

ಎಂ.ಬಿ. ನಕಲು ಪಡೆಯಲು ಮಾಹಿತಿ ಹಕ್ಕು ಬೇಕೇ ಬೇಕು. ಅದನ್ನು ಬಳಸುವ ರೀತಿಯಲ್ಲೂ ನಮ್ಮವರು ಎಡವುತ್ತಾರೆ. ‘ಕಾಮಗಾರಿ ಕಳಪೆಯಾಗಿದೆಯೇ? ಆಗಿದ್ದರೆ ಯಾರು ಹೊಣೆ?’ ಎಂದು ಕೇಳಿದ ಅರ್ಜಿ ಖಾಲಿ ಕೈಯಲ್ಲಿ ವಾಪಸ್ ಬರುತ್ತದೆ, ಬರಲೇಬೇಕು. ಕಾಯ್ದೆ ಕೊಡುವುದು ಇರುವ ಕಡತವನ್ನು. ಸಮಜಾಯಿಷಿ ಬರೆದುಕೊಡು ಎಂದು ಅದು ಯಾರಿಗೂ ಹೇಳುವುದಿಲ್ಲ. ಕರ್ನಾಟಕದ ನಿಯಮ ಅರ್ಜಿಯನ್ನು 150 ಪದಕ್ಕೆ, ಒಂದೇ ವಿಷಯಕ್ಕೆ ಕಟ್ಟಿಹಾಕಿದೆ. ಇದರ ಬಗ್ಗೆ ಕಾರ್ಯಕರ್ತರ ಸಿಟ್ಟು ನ್ಯಾಯವಾದದ್ದೇ. ಆದರೂ ‘ಇಂಥ ಕಾಮಗಾರಿಯ ಎಂ.ಬಿ. ಪುಟಗಳು, ಬಿಲ್ಲು, ಕಾರ್ಯಾದೇಶದ ನಕಲು’ ಎನ್ನಲು ಹದಿನೈದು ಪದ ಸಾಕು. ಕಾಯ್ದೆಯ 2(ಜೆ) ಕಲಂ ಕಚೇರಿಯಲ್ಲೇ ಕೂತು ಕಡತ ನೋಡುವ ಹಕ್ಕನ್ನೂ ಕೊಟ್ಟಿದೆ. ಹಾಗೆ ಕೂತವನಿಗೆ ಕೇಳಬೇಕೆಂದೇ ತೋಚದಿದ್ದ ಟಿಪ್ಪಣಿ ಹಾಳೆ ಕಣ್ಣಿಗೆ ಬೀಳುತ್ತದೆ. ಇದನ್ನು ಬಳಸುವವರು ಬಲು ವಿರಳ.

ಅರ್ಜಿಯೇ ಬೇಡದ ದಾಖಲೆಗಳೂ ರಾಶಿ ಇವೆ. ನರೇಗಾ ಕೂಲಿಕಾರರ ಹಾಜರಾತಿ ಫೋಟೊವನ್ನು ಆ್ಯಪ್‌ನಲ್ಲಿ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು, ಆ ಫೋಟೊಗಳು ಎಲ್ಲರಿಗೂ ಕಾಣುವಂತಿದ್ದವು. 2025ರಲ್ಲಿ ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಗಂಡಸರು ಸೀರೆ ಉಟ್ಟು, ಸೆರಗು ಹೊದ್ದು ಹೆಣ್ಣಾಳುಗಳ ಲೆಕ್ಕದಲ್ಲಿ ನಿಂತ ಫೋಟೊ ರಾಜ್ಯವನ್ನೆಲ್ಲ ನಗಿಸಿತು. ನಕ್ಕು ಮುಗಿದ ಮೇಲೆ ಪತ್ರಿಕೆಗಳು ಅದನ್ನು ಬಿಟ್ಟವು. ಪಂಚಾಯಿತಿ ಒಬ್ಬ ಹೊರಗುತ್ತಿಗೆ ನೌಕರನ ಮೇಲೆ ಹೊಣೆ ಹೊರಿಸಿತು. ಕೆಲಸಕ್ಕೆ ಅಂದಾಜು ಮಾಡಿದವರು, ಅಳತೆ ಬರೆದವರು, ಹಣಕ್ಕೆ ಸಹಿ ಹಾಕಿದವರು, ಎಲ್ಲರ ಹೆಜ್ಜೆಗುರುತೂ ನರೇಗಾ ಜಾಲತಾಣದಲ್ಲಿತ್ತು. ಆ ವರ್ಷದ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಒಂದೇ ಫೋಟೊ ಹಲವು ಹಾಜರಿ ಪಟ್ಟಿಗಳಿಗೆ (ಎನ್‌ಎಂಆರ್) ಬಳಕೆಯಾಗುತ್ತಿದೆ, ಫೋಟೊದ ಫೋಟೊ ತೆಗೆದು ಹಾಕಲಾಗುತ್ತಿದೆ ಎಂದು ರಾಜ್ಯಗಳಿಗೆ ಪತ್ರ ಬರೆಯಿತು. ದೆಹಲಿಯಲ್ಲಿ ಕೂತವರಿಗೆ ಕಂಡದ್ದು ತಾಲ್ಲೂಕು ಕೇಂದ್ರದಲ್ಲಿ ಕಾಣಲಿಲ್ಲವೆಂದರೆ ನಂಬುವುದು ಹೇಗೆ?

ದಾಖಲೆ ಪತ್ರಿಕೋದ್ಯಮದ ದೊಡ್ಡ ದೋಷ ಯಾದಗಿರಿಯ ಈ ಪ್ರಕರಣದಲ್ಲೇ ಕಾಣುತ್ತದೆ. ಕಾಗದದ ಜಾಡು ಹಿಡಿದು ಹೊರಟವನಿಗೆ ಮೊದಲು ಸಿಗುವವನು ಕಾಗದ ಬರೆದವನು. ಬರೆಸಿದವನು ಮೌಖಿಕ ಸೂಚನೆ ಕೊಟ್ಟಿರುತ್ತಾನೆ. ಹೀಗಾಗಿ ಬಿಲ್ ಕಲೆಕ್ಟರ್, ಡೇಟಾ ಎಂಟ್ರಿ ಆಪರೇಟರ್ ಸಿಕ್ಕಿಬೀಳುತ್ತಾರೆ, ಪಿಡಿಒವರೆಗೆ ಒಮ್ಮೊಮ್ಮೆ ಹೋಗುತ್ತದೆ, ಮೇಲಕ್ಕೆ ಏರುವುದಿಲ್ಲ. ಬರೀ ದಾಖಲೆ ನೆಚ್ಚಿದ ವರದಿ ತನಗೆ ಗೊತ್ತಿಲ್ಲದೆಯೇ ಮೇಲಿನವರ ಕಾವಲಿಗೆ ನಿಂತುಬಿಡುತ್ತದೆ.

ಇದಕ್ಕೆ ಮದ್ದು ಕಂಡುಕೊಂಡವರು ಪತ್ರಕರ್ತರಲ್ಲ. 1994ರಲ್ಲಿ ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಜನರನ್ನು ಸೇರಿಸಿ ಹಾಜರಿ ಪಟ್ಟಿ, ಬಿಲ್ಲುಗಳನ್ನು ಗಟ್ಟಿಯಾಗಿ ಓದಿತು. ಪಟ್ಟಿಯಲ್ಲಿ ಹೆಸರಿದ್ದವರೇ ಎದುರಿಗೆ ಕೂತಿದ್ದರು. ಕೂಲಿ ಯಾರಿಗೆ ಸೇರಿತು, ಸಿಮೆಂಟು ಎಲ್ಲಿ ಇಳಿಯಿತು, ಯಾರು ಹೇಳಿದ್ದಕ್ಕೆ ಹೆಬ್ಬೆಟ್ಟು ಒತ್ತಿದೆವು ಎಂದು ಅವರೇ ಹೇಳಿದರು. ಕಾಗದ ಹೇಳದೆ ಬಿಟ್ಟದ್ದನ್ನು ಬಾಯಿ ತುಂಬಿಕೊಟ್ಟಿತು. ಮುಂದೆ ನರೇಗಾ ಕಾಯ್ದೆ ಸಾಮಾಜಿಕ ಪರಿಶೋಧನೆಯ ಹೆಸರಿನಲ್ಲಿ ಇದನ್ನು ಗ್ರಾಮಸಭೆಗೆ ತಂದಿತು. ನಮ್ಮ ಪತ್ರಿಕೆಗಳಲ್ಲಿ ಅಂಥ ಗ್ರಾಮಸಭೆಯ ಸುದ್ದಿ ಎಂದರೆ ವೇದಿಕೆಯ ಮೇಲೆ ಕೂತವರ ಫೋಟೊ ಮತ್ತು ಎಡದಿಂದ ಬಲಕ್ಕೆ ಅವರ ಹೆಸರು. ಪರಿಶೋಧನಾ ವರದಿ ಆಕ್ಷೇಪಿಸಿದ ಮೊತ್ತಕ್ಕೆ ಅಲ್ಲಿ ಜಾಗವಿರುವುದಿಲ್ಲ.

ತಾಲ್ಲೂಕು ವರದಿಗಾರನನ್ನು ಬೈದು ಕೈತೊಳೆದುಕೊಳ್ಳುವುದು ಸುಲಭ. ಆತನಿಗೆ ಸಂಬಳ ಹೆಸರಿಗೆ ಮಾತ್ರ, ಜಾಹೀರಾತಿನ ಕಮಿಷನ್ನೇ ಜೀವನ. ಆ ಜಾಹೀರಾತು ಕೊಡುವವರು ಅದೇ ಗುತ್ತಿಗೆದಾರರು, ಅದೇ ಸ್ಥಳೀಯ ಸಂಸ್ಥೆಗಳು, ಹುಟ್ಟುಹಬ್ಬದ ಶುಭಾಶಯಕ್ಕೆ ಇಡೀ ಪುಟ ಕೊಳ್ಳುವ ಮುಖಂಡರು. ಎಂ.ಬಿ. ಪುಸ್ತಕ ಕೇಳಿ ಅರ್ಜಿ ಹಾಕಿದ ಸುದ್ದಿ ಸಂಜೆಯೊಳಗೆ ಗುತ್ತಿಗೆದಾರನಿಗೆ ತಲುಪಿರುತ್ತದೆ. ಅರ್ಜಿ ಹಾಕಿ ಆಮೇಲೆ ‘ಹೊಂದಾಣಿಕೆ’ ಮಾಡಿಕೊಳ್ಳುವವರೂ ಇರುವುದರಿಂದ, ಪ್ರಾಮಾಣಿಕನೂ ಅದೇ ಗುಮಾನಿಯ ಕಣ್ಣಿಗೆ ಬೀಳುತ್ತಾನೆ. ಬೆಂಗಳೂರಿನ ಡೆಸ್ಕು ಒಂದು ಚರಂಡಿಯ ಸುದ್ದಿಗೆ ಎರಡು ತಿಂಗಳು ಕಾಯಲು ತಯಾರಿಲ್ಲ. ಮಾಹಿತಿ ಕೊಡಲು ಕಾಯ್ದೆಯೇ 30 ದಿನ ಕೊಟ್ಟಿದೆ, ಮೇಲ್ಮನವಿಗೆ ಹೋದರೆ ಇನ್ನೂ ಹೆಚ್ಚು.

ಇದರ ಮೇಲೆ ಹೊಸದೊಂದು ಪೆಟ್ಟು. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ವೈಯಕ್ತಿಕ ಮಾಹಿತಿಗೆ ರಕ್ಷಣೆ ಕೊಡುತ್ತಿತ್ತು, ಆದರೆ ಸಾರ್ವಜನಿಕ ಕೆಲಸಕ್ಕೆ ಸಂಬಂಧವಿದ್ದರೆ ಬಾಗಿಲು ತೆರೆದೇ ಇತ್ತು. ಶಾಸಕಾಂಗಕ್ಕೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿರಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಷರತ್ತುಗಳನ್ನೆಲ್ಲ ತೆಗೆದುಹಾಕಿತು. ಇನ್ನು ಹಾಜರಿ ಪಟ್ಟಿಯ ಹೆಸರು, ಗುತ್ತಿಗೆದಾರನ ಹೆಸರು, ‘ಇಂಥವರ ಮನೆಯಿಂದ’ ಎಂಬಲ್ಲಿನ ಹೆಸರು ಎಲ್ಲಕ್ಕೂ ಕಪ್ಪು ಬಳಿದು ಕೊಡಲು ಅಧಿಕಾರಿಗೆ ನೆಪ ಸಿಕ್ಕಿದೆ. ಉಳಿದಿರುವುದು 8(2) ಕಲಂ: ಸಾರ್ವಜನಿಕ ಹಿತ ದೊಡ್ಡದೆನಿಸಿದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಚರಂಡಿಯಲ್ಲಿ ಸಾರ್ವಜನಿಕ ಹಿತ ಏನಿದೆ ಎಂದು ಅರ್ಜಿದಾರನೇ ಒಪ್ಪಿಸಬೇಕು, ಅದೂ ಆ 150 ಪದಗಳ ಒಳಗೆ.