ಒರಟು ಸಿಪ್ಪೆಯ ಸೇಬುಗಳು

ಮೇಣ ಸವರಿಸಿಕೊಂಡು ಮಿರಿಮಿರಿ ಮಿಂಚುವ ಸೇಬನ್ನಷ್ಟೇ ಕಂಡವರ ಕೈಗೆ ಆಶ್‌ಮೀಡ್ಸ್ ಕರ್ನಲ್ ಕೊಟ್ಟರೆ ಮುಖ ಕಿವುಚಿಯಾರು. ಸಪೋಟದ ಹಾಗೆ ಕಂದುಗಟ್ಟಿದ ಒರಟು ಸಿಪ್ಪೆ, ಅಂಕುಡೊಂಕು ಮೈ, ಅಂಗೈಯಲ್ಲಿ ಅಡಗುವ ಗಾತ್ರ. ಇರಲಿ, ಒಮ್ಮೆ ಹಲ್ಲೂರಿ ನೋಡಿ. ಬಿಗಿಯಾದ ತಿರುಳು ಕಟುಮ್ಮೆನ್ನುತ್ತದೆ. ಚುರುಕು ಹುಳಿಯೊಂದು ನಾಲಗೆಯ ಅಂಚನ್ನು ಕೆಣಕುತ್ತದೆ. ಆ ಹುಳಿ ಇಳಿಯುತ್ತ ಇಳಿಯುತ್ತ, ಯಾವ ಅವಸರವೂ ಇಲ್ಲದೆ, ಮಾಗಿದ ಮರಸೇಬಿನ ಘಮ ಗಂಟಲಿನಿಂದ ಮೂಗಿಗೇರಿ, ನುಂಗಿ ಎಷ್ಟೋ ಹೊತ್ತಾದ ಮೇಲೂ ಅಲ್ಲೇ ಸುಳಿದಾಡುತ್ತಿರುತ್ತದೆ. ನನ್ನ ಮಟ್ಟಿಗೆ ಇದನ್ನು ಮೀರಿಸಿದ ಸೇಬಿಲ್ಲ.

1700ರ ಆಸುಪಾಸಿನಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಹುಟ್ಟಿದ ತಳಿ ಇದು. ಮುನ್ನೂರು ವರ್ಷ ಉಳಿದದ್ದು ಕಸಿಯ ದಯೆಯಿಂದ. ಸೇಬಿನ ಬೀಜ ಬಿತ್ತಿದರೆ ತಾಯಿಮರದ ಗುಣ ಬರುವುದಿಲ್ಲ. ಸಾಗರ, ಶಿರಸಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ; ಒಳ್ಳೆಯ ಅಪ್ಪೆಮಿಡಿ ಮರ ಕಂಡರೆ ಕಡ್ಡಿ ತಂದು ಕಸಿ ಕಟ್ಟುವ ಜನ ಅವರು. ಇಂಗ್ಲೆಂಡಿನವರೂ ಮರ ಎಲೆಯುದುರಿಸಿ ಮಲಗಿರುವಾಗ ಪೆನ್ಸಿಲ್ ದಪ್ಪದ ಕಡ್ಡಿ ಕತ್ತರಿಸಿಟ್ಟುಕೊಳ್ಳುತ್ತಾರೆ. ಚಳಿ ಹಿಂದೆಗೆಯುವ ಹೊತ್ತಿಗೆ ಕಡ್ಡಿಯನ್ನೂ ಬೇರುಗಿಡವನ್ನೂ ಓರೆಯಾಗಿ ಕೊಯ್ದು, ಸಿಪ್ಪೆಯಡಿಯ ಎಳೆಹಸಿರು ಪದರಕ್ಕೆ ಎಳೆಹಸಿರು ಪದರವನ್ನೇ ಕೂಡಿಸಿ, ಪಟ್ಟಿ ಸುತ್ತುತ್ತಾರೆ. ಕೂದಲೆಳೆಯಷ್ಟು ಸರಿದರೂ ಹಿಡಿಯುವುದು ಕಷ್ಟ. ಎಂಥ ಸೊಗಸಿನ ಕೈಗೆಲಸ!

ಒಂದೇ ಅಳತೆಯ, ದೂರದ ಪಯಣ ತಾಳುವ ಹಣ್ಣೇ ಬೇಕೆಂದು ಮಾರುಕಟ್ಟೆ ಹಟ ಹಿಡಿದ ಮೇಲೆ ಹಳೆಯ ತೋಟಗಳಿಗೆ ಕೊಡಲಿ ಬಿತ್ತು. ಆ ಕಥೆ ನಮಗೂ ಗೊತ್ತಿದ್ದದ್ದೇ. ಪುಣ್ಯಕ್ಕೆ ಕೆಂಟ್ ಸೀಮೆಯ ಫ್ಯಾವರ್‌ಶಮ್ ಬಳಿ ಬ್ರಾಗ್ಡೇಲ್ ಇದೆ. ಬ್ರಿಟನ್ನಿನ ರಾಷ್ಟ್ರೀಯ ಹಣ್ಣಿನ ಸಂಗ್ರಹ ಇರುವ ಈ ತೋಟದಲ್ಲಿ ಸೇಬೊಂದರಲ್ಲೇ 2000ಕ್ಕೂ ಹೆಚ್ಚು ತಳಿಗಳಿವೆ. ಒಂದೊಂದಕ್ಕೂ ಜೋಡಿ ಮರ.

ಹೆಸರು ಓದುತ್ತಿದ್ದರೇ ಬಾಯಲ್ಲಿ ನೀರೂರುತ್ತದೆ. ಪಿಟ್‌ಮಾಸ್ಟನ್ ಪೈನಾಪಲ್ ಹೊಂಬಣ್ಣದ ಪುಟಾಣಿ. ಜೇನಿನಂಥ ಸಿಹಿಯ ಹಿಂದೆಯೇ ಅನಾನಸಿನ ಸುಳಿವು. ಕೋರ್ಟ್ ಪೆಂಡು ಪ್ಲಾ ಬಲು ಜಾಣ ಮರ, ವಸಂತದ ಕೊನೆಯ ಹಿಮ ಸರಿದ ಮೇಲೆಯೇ ಹೂ ಬಿಡುತ್ತದೆ. ಎಸೆಕ್ಸಿನ ಡಾರ್ಸಿ ಸ್ಪೈಸ್‌ನದು ಇನ್ನೂ ನಿಧಾನ. ನವೆಂಬರ್ 5ರಂದು ಕೊಯ್ದು, ಚೀಲಕ್ಕೆ ತುಂಬಿ ಮರದ ಕೊಂಬೆಗೇ ತೂಗುಹಾಕುವ ರೂಢಿ ಅಲ್ಲಿತ್ತು. ಚಳಿಯಲ್ಲಿ ಮಾಗಿ ಮಾಗಿ, ಸಿಪ್ಪೆ ತುಸು ಸುಕ್ಕುಗಟ್ಟಿದಾಗ ಅದರೊಳಗಿನಿಂದ ಜಾಯಿಕಾಯಿಯ ಬೆಚ್ಚನೆ ಪರಿಮಳ ಹೊಮ್ಮುತ್ತದೆ. ಫ್ರಿಜ್ಜಿನವರು ಈ ಚೀಲದ ಮುಂದೆ ತಲೆಬಾಗಬೇಕು.

ಅಕ್ಟೋಬರ್ 21ನ್ನು ಇಂಗ್ಲೆಂಡಿನಲ್ಲಿ 1990ರಿಂದ ಆಪಲ್ ಡೇ ಎಂದು ಆಚರಿಸುತ್ತಾರೆ. ಆ ದಿನಗಳಲ್ಲಿ ಹಳೆಯ ತಳಿಗಳ ರುಚಿ ನೋಡಲು ಒಳ್ಳೆಯ ಅವಕಾಶ. ಮಗನೋ ಮಗಳೋ ಲಂಡನ್ನಿನಲ್ಲಿದ್ದು ಆ ಹೊತ್ತಿಗೆ ಹೋಗುವ ಯೋಗ ನಿಮಗಿದ್ದರೆ, ಒಂದು ದಿನ ಕೆಂಟ್ ಕಡೆಯ ರೈಲು ಹತ್ತಿ. ಹೆಸರೇ ಕೇಳಿರದ ಹಣ್ಣನ್ನು ಆರಿಸಿ. ಸಿಪ್ಪೆ ಮಾತ್ರ ಸುಲಿಯಬೇಡಿ, ಪರಿಮಳ ಇರುವುದೆಲ್ಲ ಅದಕ್ಕಂಟಿಕೊಂಡೇ.