‘ಸ್ಟ್ರಾಂಗ್’ ಎಂಬ ವಿಶೇಷಣ

ಶಂಕರಪುರದ ರಂಗರಾವ್ ರಸ್ತೆಯಲ್ಲಿ, ಶಂಕರಮಠಕ್ಕೆ ಕೂಗಳತೆಯ ದೂರದಲ್ಲಿ, 1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಇದೆ. ಬೆಳಗಿನ ಹೊತ್ತು ಅಲ್ಲಿ ನಿಂತುಕೊಂಡೇ ಇಡ್ಲಿ ತಿನ್ನುವ ಜನರ ನಡುವೆ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ‘ಒಂದು ಕಾಫಿ, ಸ್ವಲ್ಪ ಸ್ಟ್ರಾಂಗಾಗಿ.’ ಈ ಮಾತಿನ ಅರ್ಥವನ್ನು ನಮ್ಮ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡಿಕಾಕ್ಷನ್ ಹೆಚ್ಚಿರಲಿ, ಹಾಲು ಹಿಂದೆ ಸರಿಯಲಿ, ನಾಲಗೆಗೆ ಕಾಫಿಯ ತೂಕ ತಿಳಿಯಲಿ ಎಂದು ಅರ್ಥ. ಕುಡಿದವನ ನಿದ್ರೆ ಎಷ್ಟು ನಿಮಿಷದಲ್ಲಿ ಹಾರಿಹೋಗಬೇಕು ಎಂಬ ಲೆಕ್ಕ ಅದರಲ್ಲಿಲ್ಲ.

ಅದೇ ವಿಶೇಷಣವನ್ನು ಬಿಯರಿನ ಸೀಸೆಯ ಮೇಲೆ ಅಚ್ಚುಹಾಕಿದಾಗ ಅರ್ಥ ತಲೆಕೆಳಗಾಗುತ್ತದೆ. ನಮ್ಮ ದೇಶದ ನಿಯಮದಂತೆ ಮದ್ಯಸಾರ ಶೇಕಡ 5ನ್ನು ದಾಟಿ 8ರ ಒಳಗಿದ್ದರೆ ಆ ಬಿಯರು ಸ್ಟ್ರಾಂಗ್. ರುಚಿಯ ಪ್ರಸ್ತಾಪವೇ ಇಲ್ಲ. ಇಲ್ಲಿ ಮಾರಾಟವಾಗುವ ಬಿಯರಿನಲ್ಲಿ ಹೆಚ್ಚಿನ ಪಾಲು ಈ ಜಾತಿಯದೇ. ಅದರ ಬಣ್ಣ ಒಣಹುಲ್ಲಿನದು, ಮೈ ತೆಳು, ಏರುವುದು ಮಾತ್ರ ಬೇಗ. ಬಾರ್ಲಿಯ ಜೊತೆಗೆ ಅಕ್ಕಿಯನ್ನೋ ಸಕ್ಕರೆಯನ್ನೋ ಸೇರಿಸಿ ಹುದುಗಿಸಿದರೆ ಸಕ್ಕರೆಯೆಲ್ಲ ಮದ್ಯಸಾರವಾಗಿ ಹೋಗುತ್ತದೆ, ನಾಲಗೆಗೆ ಉಳಿಯುವುದು ಅಷ್ಟಕ್ಕಷ್ಟೆ. ಕಾಫಿಗೆ ಹೋಲಿಸುವುದಾದರೆ ಇದು ಡಿಕಾಕ್ಷನ್ ಹೆಚ್ಚಿಸದೆ, ನೀರು ಕಾಫಿಗೇ ನಿದ್ರೆಗೆಡಿಸುವ ಮಾತ್ರೆಯೊಂದನ್ನು ಕದಡಿ ಕೊಟ್ಟಂತೆ.

ಕನ್ನಡದ ಮೇಷ್ಟರು ಬಿಯರಿನ ವಿಮರ್ಶೆಗೆ ಇಳಿದರೆಂದು ಕೆಲವರಾದರೂ ಹುಬ್ಬೇರಿಸುವುದುಂಟು. ನನಗೂ ಸಂಕೋಚವಿಲ್ಲದೆ ಇಲ್ಲ. ಅಪ್ಪನ ಕುಡಿತದಿಂದ ಶುಲ್ಕ ಕಟ್ಟಲಾಗದೆ ತರಗತಿಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಹುಡುಗರನ್ನು ನಾನು ಬಲ್ಲೆ; ‘ಕುಡುಕ’ ಎಂಬ ಶಬ್ದಕ್ಕೆ ಅಂಟಿರುವ ಕಳಂಕ ಸುಮ್ಮನೆ ಅಂಟಿದ್ದಲ್ಲ. ಆದರೆ ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವನ್ನೂ ಎಣಿಸಿ ಪಾಠ ಹೇಳುವವರು ನಾವೇ. ಜೈನನಾದ ಪಂಪನೂ ಪಾನಗೋಷ್ಠಿಯನ್ನು ವರ್ಣಿಸದೆ ಬಿಡಲಿಲ್ಲ. ಹೆಂಡಗುಡುಕ ರತ್ನನಿಗೆ ಬಾಯಿ ಕೊಟ್ಟ ಜಿ.ಪಿ. ರಾಜರತ್ನಂ ಅವರೂ ಕನ್ನಡದ ಅಧ್ಯಾಪಕರೇ. ಒಂದು ವಿಷಯ ಮಾತ್ರ ವಿಚಿತ್ರ: ನನಗೆ ಕಂಡಮಟ್ಟಿಗೆ ನಮ್ಮ ಸಾಹಿತ್ಯದಲ್ಲಿ ಅಮಲಿನ ವರ್ಣನೆ ಧಾರಾಳವಾಗಿದೆ, ಕುಡಿದ ವಸ್ತುವಿನ ರುಚಿಯನ್ನು ತೂಗಿನೋಡಿದ ಮಾತು ತೀರ ವಿರಳ.

ಈ ಕೊರತೆ ನನ್ನನ್ನು ಚುಚ್ಚಿದ್ದು ಕಳೆದ ಚಳಿಗಾಲದಲ್ಲಿ. ಮ್ಯೂನಿಕ್ಕಿನಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದವನು ಅಂಗಿಗಳ ನಡುವೆ ಸುತ್ತಿ ತಂದಿದ್ದ ಸೀಸೆಯೊಂದನ್ನು ಮೇಜಿನ ಮೇಲಿಟ್ಟ. ಪೌಲಾನರ್ ಕಾರ್ಖಾನೆಯ ‘ಸಾಲ್ವಾಟರ್’. ಮದ್ಯಸಾರ ಶೇಕಡ 7.9, ಅಂದರೆ ನಮ್ಮ ಲೆಕ್ಕದಲ್ಲಿಯೂ ಸ್ಟ್ರಾಂಗೇ. ಇಬ್ಬರೂ ಅರ್ಧರ್ಧ ಲೋಟ ಸುರಿದುಕೊಂಡೆವು. ‘ಹೇಗಿದೆ ಸಾರ್?’ ಎಂದ. ‘ಚೆನ್ನಾಗಿದೆ ಕಣಯ್ಯ’ ಎಂದೆ. ‘ಅಷ್ಟೇನಾ ಸಾರ್? ನಾವು ಪರೀಕ್ಷೆಯಲ್ಲಿ ಪದ್ಯ ಚೆನ್ನಾಗಿದೆ ಅಂತ ಬರೆದರೆ ಸೊನ್ನೆ ಕೊಡ್ತಿದ್ರಿ’ ಎಂದು ನಕ್ಕ. ಆಮೇಲೆ ಇಂಗ್ಲಿಷಿನವರು ಇದನ್ನು ಹೇಗೆ ಬಣ್ಣಿಸುತ್ತಾರೆಂದು ಒಂದು ಪಟ್ಟಿ ಹೇಳಿದ: ಟಾಫಿ, ಪ್ಲಮ್ ಹಣ್ಣು, ಬ್ರೆಡ್ಡಿನ ಹೊರಪದರ. ಅವನ ಪಟ್ಟಿ ಸುಳ್ಳಲ್ಲ. ಆದರೆ ಟಾಫಿಯೂ ಪ್ಲಮ್ಮೂ ನನ್ನ ನಾಲಗೆಯ ನೆನಪಿನಲ್ಲಿ ಇದ್ದ ವಸ್ತುಗಳಲ್ಲ. ಇಪ್ಪತ್ತು ವರ್ಷ ವಿಮರ್ಶೆಯ ಪಾಠ ಹೇಳಿದವನಿಗೆ ಅರ್ಧ ಲೋಟದ ಎದುರಿಗೆ ಮಾತು ಸಿಕ್ಕದೆ ಹೋಯಿತು.

ಮಾತು ಸಿಕ್ಕಿದ್ದು ಅಡಿಗೆಮನೆಯಲ್ಲಿ. ಬಚ್ಚಲಿನ ಕಟ್ಟೆಯ ಮೇಲೆ ಇಟ್ಟಿದ್ದ ಖಾಲಿ ಲೋಟವನ್ನು ನಮ್ಮ ತಾಯಿಯವರು ತೊಳೆಯಲು ಎತ್ತಿಕೊಂಡವರು ಮೂಗಿನ ಹತ್ತಿರ ಹಿಡಿದು, ‘ಇದರಲ್ಲಿ ರಾಗಿ ಸರಿ ಕದಡಿದ್ದೆಯೇನೋ?’ ಎಂದರು. ಅದರಲ್ಲಿ ಏನಿತ್ತೆಂದು ನಾನು ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಾಲ್ಟ್ ಎಂದರೆ ಬೇರೇನೂ ಅಲ್ಲ. ಧಾನ್ಯವನ್ನು ನೆನೆಹಾಕಿ, ಮೊಳಕೆ ಬರಿಸಿ, ಮೊಳಕೆ ಬಲಿಯುವ ಮೊದಲೇ ಒಣಗಿಸಿ, ಕಾವು ಕೊಡುವುದು. ಹಸುಗೂಸಿನ ಸರಿಹಿಟ್ಟಿಗೆ ನಮ್ಮ ಮನೆಗಳಲ್ಲಿ ರಾಗಿಗೆ ಮಾಡುವ ಸಂಸ್ಕಾರವನ್ನೇ ಅವರು ಬಾರ್ಲಿಗೆ ಮಾಡುತ್ತಾರೆ. ಮೊಳಕೆಯಲ್ಲಿ ಹಿಟ್ಟು ಸಕ್ಕರೆಯಾಗಲು ಸಿದ್ಧವಾಗುತ್ತದೆ. ಕಾವಿನಲ್ಲಿ ಬಣ್ಣವೂ ಘಮವೂ ಹುಟ್ಟುತ್ತವೆ. ತಿಳಿಬಣ್ಣದ ಬಿಯರಿನ ಮಾಲ್ಟಿಗೆ ಕೊಡುವ ಕಾವು ಕಡಿಮೆ. ಮ್ಯೂನಿಕ್ ಮಾಲ್ಟ್ ಎಂದು ಕರೆಯುವುದನ್ನು ಸುಮಾರು 100 ಡಿಗ್ರಿ ಸೆಲ್ಷಿಯಸ್ಸಿನವರೆಗೆ ಕಾಯಿಸುತ್ತಾರೆ. ಬಾಣಲೆಯಲ್ಲಿ ಹಿಟ್ಟು ಕೆಂಪಗಾಗುವ ಮುನ್ನ ಒಂದು ಗಳಿಗೆ ಮನೆಯೆಲ್ಲ ಘಮಘಮಿಸುತ್ತದಲ್ಲ, ಆ ಗಳಿಗೆಯನ್ನು ಹಿಡಿದು ನಿಲ್ಲಿಸಿದಂತೆ ಇದರ ವಾಸನೆ.

ಹಳೆಯ ಬವೇರಿಯದ ಕ್ರಮದಲ್ಲಿ ಇನ್ನೊಂದು ಸಂಗತಿಯುಂಟು. ಬಿಸಿನೀರಿನಲ್ಲಿ ಕಲಸಿದ ಮಾಲ್ಟಿನ ಒಂದು ಪಾಲನ್ನು ಬೇರೆ ಕೊಪ್ಪರಿಗೆಗೆ ತೆಗೆದು ಕುದಿಸಿ, ಮತ್ತೆ ಮೂಲಕ್ಕೇ ಸುರಿಯುತ್ತಾರೆ. ಇದರ ಹೆಸರು ಡಿಕಾಕ್ಷನ್! ಬಸವನಗುಡಿಯ ಪ್ರತಿಯೊಂದು ಮನೆಯಲ್ಲೂ ಬೆಳಗ್ಗೆ ಮೊದಲು ಕೇಳುವ ಶಬ್ದ. ನಿಜವಾಗಿ ನೋಡಿದರೆ ನಮ್ಮ ಫಿಲ್ಟರಿನಿಂದ ಇಳಿಯುವುದಕ್ಕೆ ಈ ಹೆಸರು ಸಲ್ಲದು, ಅಲ್ಲಿ ಕುದಿಸುವ ಕೆಲಸವೇ ಇಲ್ಲ. ಶುಂಠಿ ಕಷಾಯಕ್ಕೆ ಸಲ್ಲುತ್ತದೆ, ಜರ್ಮನರ ಕೊಪ್ಪರಿಗೆಗೆ ಸಲ್ಲುತ್ತದೆ.

ಈ ಬಗೆಯ ಬಿಯರಿಗೆ ಡೊಪ್ಪೆಲ್‌ಬಾಕ್ ಎಂದು ಹೆಸರು. ‘ಡೊಪ್ಪೆಲ್’ ಎಂದರೆ ಇಮ್ಮಡಿ. ಇಮ್ಮಡಿ ಪುಲಿಕೇಶಿ ಎಂದರೆ ಎರಡು ಪಟ್ಟು ಪುಲಿಕೇಶಿ ಅಲ್ಲವಷ್ಟೆ. ಇದೂ ಬಾಕ್ ಬಿಯರಿನ ಎರಡು ಪಟ್ಟಲ್ಲ, ಅದಕ್ಕಿಂತ ಗಟ್ಟಿ ಎಂದಿಷ್ಟೇ. ‘ಬಾಕ್’ ಎಂಬುದರ ಕಥೆ ಇನ್ನೂ ಸ್ವಾರಸ್ಯವಾದದ್ದು. ಉತ್ತರ ಜರ್ಮನಿಯ ಐನ್‌ಬೆಕ್ ಎಂಬ ಊರಿನ ಬಿಯರು ಪ್ರಸಿದ್ಧವಾಗಿತ್ತು. 1614ರಲ್ಲಿ ಆ ಊರಿನ ಎಲಿಯಾಸ್ ಪಿಖ್ಲರ್ ಎಂಬ ಕುಶಲಿಯನ್ನು ಮ್ಯೂನಿಕ್ಕಿಗೆ ಕರೆಸಿಕೊಂಡರು. ಬವೇರಿಯದವರ ಬಾಯಲ್ಲಿ ಊರಿನ ಹೆಸರು ಸವೆದು ‘ಬಾಕ್’ ಆಯಿತು. ಬಾಕ್ ಎಂದರೆ ಅವರ ಭಾಷೆಯಲ್ಲಿ ಹೋತ. ಆದ್ದರಿಂದ ಸೀಸೆಗಳ ಮೇಲೆ ಕೊಂಬಿನ ಹೋತ ಬಂದು ನಿಂತಿತು. ನಗುವ ಹಾಗಿಲ್ಲ. 9ನೆಯ ಶತಮಾನದ ಬೇಗೂರಿನ ಶಾಸನದಲ್ಲಿಯೇ ಬೆಂಗಳೂರು ಎಂಬ ಹೆಸರು ಸ್ಪಷ್ಟವಾಗಿದ್ದರೂ ಬಲ್ಲಾಳರಾಯನಿಗೆ ಅಜ್ಜಿಯೊಬ್ಬಳು ಕೊಟ್ಟ ಬೆಂದ ಕಾಳನ್ನು ನಾವು ಇನ್ನೂ ಮೆಲ್ಲುತ್ತಲೇ ಇದ್ದೇವೆ.

ಇದನ್ನು ಇಮ್ಮಡಿಗೊಳಿಸಿದವರು ಸನ್ಯಾಸಿಗಳು. ಪಾವೊಲದ ಸಂತ ಫ್ರಾನ್ಸಿಸನ ಪಂಥದವರು 1627ರಲ್ಲಿ ಮ್ಯೂನಿಕ್ಕಿಗೆ ಬಂದರು. ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಅವರಿಗೆ ಸಲ್ಲದು. ಈಸ್ಟರಿನ ಮುಂಚಿನ ನಲವತ್ತು ದಿನಗಳ ಉಪವಾಸದಲ್ಲಂತೂ ಊಟಕ್ಕೇ ಕಡಿವಾಣ. ಆದರೆ ದ್ರವಪದಾರ್ಥದಿಂದ ಉಪವಾಸ ಮುರಿಯುವುದಿಲ್ಲ! ಆದ್ದರಿಂದ ಹಸಿವನ್ನು ತಣಿಸುವಷ್ಟು ಗಟ್ಟಿಯಾದ ಬಿಯರನ್ನು ಮಾಡಿಕೊಂಡು ಅದನ್ನೇ ರೊಟ್ಟಿಯೆಂದು ಭಾವಿಸಿದರು. ಏಕಾದಶಿಯ ದಿನ ಅನ್ನ ಮುಟ್ಟದೆ ಎರಡು ತಟ್ಟೆ ಉಪ್ಪಿಟ್ಟನ್ನು ಫಲಾಹಾರವೆಂದು ಸ್ವೀಕರಿಸುವ ನಮ್ಮ ಬಡಾವಣೆಯ ಹಿರಿಯರಿಗೆ ಈ ತರ್ಕ ಹೊಸದಾಗಿ ತೋರಲಾರದು. 1799ರಲ್ಲಿ ಮಠ ಮುಚ್ಚಿತು. ಫ್ರಾನ್ಸ್ ಕ್ಸಾವರ್ ತ್ಸಾಖರ್ಲ್ ಎಂಬಾತ 1806ರಲ್ಲಿ ಅದರ ಬಿಯರ್ ಮನೆಯನ್ನು ಗುತ್ತಿಗೆಗೆ ಹಿಡಿದು ಮುಂದುವರಿಸಿದ. ‘ಸಾಲ್ವಾಟರ್’ ಎಂದರೆ ಉದ್ಧಾರಕ. ಊರಿನ ಬಿಯರುಗಾರರೆಲ್ಲ ಅದೇ ಹೆಸರು ಇಟ್ಟುಕೊಳ್ಳತೊಡಗಿದಾಗ 1896ರಲ್ಲಿ ಅದನ್ನು ವ್ಯಾಪಾರಮುದ್ರೆಯಾಗಿ ಕಾಪಾಡಿಕೊಂಡರು. ಉಳಿದವರು ಹೆಸರಿನ ಬಾಲವನ್ನಾದರೂ ಬಿಡಲಿಲ್ಲ: ಟ್ರಿಯಂಫಾಟರ್, ಮ್ಯಾಕ್ಸಿಮಾಟರ್, ಸೆಲೆಬ್ರಾಟರ್.

ಇನ್ನು ನಾನು ಕುಡಿದ ಅರ್ಧ ಲೋಟದ ಮಾತು. ಬಣ್ಣ ಕಪ್ಪಲ್ಲ, ಜೋನಿಬೆಲ್ಲವನ್ನು ದೀಪಕ್ಕೆ ಹಿಡಿದಂತೆ ಕೆಂಪು ತುಳುಕುವ ಕಂದು. ನೊರೆ ಕೆನೆಯ ಬಣ್ಣದ್ದು. ಶೀತಪೆಟ್ಟಿಗೆಯಿಂದ ತೆಗೆದೊಡನೆ ಕುಡಿದರೆ ಏನೂ ತಿಳಿಯದು. ಕಾಲು ಗಂಟೆ ಬಿಟ್ಟು ಲೋಟದ ಮೈಮೇಲಿನ ಹನಿ ಆರುವಾಗ ಕುಡಿಯಬೇಕು. ಮೊದಲು ಮೊಳಕೆಧಾನ್ಯದ ಹುರಿಗಂಪು. ಅದರ ಹಿಂದೆಯೇ ಹೆಂಚಿನ ಮೇಲೆ ಒಬ್ಬಟ್ಟಿನ ಅಂಚು ಕೆಂಪಾಗಿ ಹೂರಣ ಒಂದಿಷ್ಟು ಹೊರಗೆ ಬಂದು ಚುರುಗುಟ್ಟಿದ ವಾಸನೆ. ಬಾಯಲ್ಲಿ ಒಣದ್ರಾಕ್ಷಿಯ ಸಿಹಿ, ತುಂಬಿದ ಮೈ. ನುಂಗುವ ಹೊತ್ತಿಗೆ ಹಾಪ್ಸ್ ಹೂವಿನ ಕಹಿ ಹುರಿದ ಮೆಂತ್ಯದಷ್ಟು ಮಾತ್ರ ತೋರಿ ಸಿಹಿಯನ್ನು ಒರೆಸಿಕೊಂಡು ಹೋಗುತ್ತದೆ. ಶೇಕಡ 7.9ರ ಮದ್ಯಸಾರ ಎಲ್ಲಿದೆಯೆಂದು ಹುಡುಕಬೇಕು. ಗಂಟಲಿನ ಕೆಳಗೆ ಬೆಚ್ಚಗಾದಾಗ ಗೊತ್ತಾಗುತ್ತದೆ.

ಬೇವುಬೆಲ್ಲ ಎಂದು ಹೇಳಿಬಿಡುವ ಆಸೆ ನನಗೂ ಆಯಿತು. ಆದರೆ ಅದು ಸವೆದ ಉಪಮೆ, ಮೇಲಾಗಿ ತಪ್ಪು ಉಪಮೆ. ಬೇವುಬೆಲ್ಲದಲ್ಲಿ ಬೇವು ಬೇವಾಗಿಯೇ ಉಳಿಯುತ್ತದೆ, ಬೆಲ್ಲ ಬೆಲ್ಲವಾಗಿಯೇ. ಅಲಂಕಾರಶಾಸ್ತ್ರದವರ ಪಾನಕರಸದ ದೃಷ್ಟಾಂತವೇ ಇದಕ್ಕೆ ಹೊಂದುತ್ತದೆ: ಬೆಲ್ಲ, ಮೆಣಸು, ಏಲಕ್ಕಿಗಳು ತಮ್ಮತನ ಬಿಟ್ಟು ಯಾವುದೊಂದೂ ಅಲ್ಲದ ಮತ್ತೊಂದು ರುಚಿಯಾಗುವುದು. ರಸ, ಪಾಕ, ಆಸ್ವಾದ, ರುಚಿ ಎಂದು ಕಾವ್ಯವಿಮರ್ಶೆ ಬಳಸುವ ಮಾತುಗಳೆಲ್ಲ ಅಡಿಗೆಮನೆಯಿಂದ ಕಡ ತಂದವು. ದ್ರಾಕ್ಷಾಪಾಕ, ನಾರಿಕೇಳಪಾಕ ಎಂದು ಕವಿಗಳನ್ನು ವಿಂಗಡಿಸಿ ಅಂಕ ಪಡೆದ ನಾನು ಲೋಟವೊಂದು ಎದುರಿಗೆ ಬಂದಾಗ ಆ ಕಡವನ್ನು ಮರೆತು ಪ್ಲಮ್ ಹಣ್ಣಿಗಾಗಿ ಪರದಾಡಿದೆ.

ಇದರ ಬಲ ಎಲ್ಲಿಂದ ಬಂತು? ಡೊಪ್ಪೆಲ್‌ಬಾಕ್ ಎನಿಸಿಕೊಳ್ಳಲು ಹುದುಗುವ ಮುನ್ನ ನೂರು ಗ್ರಾಂ ಕಷಾಯದಲ್ಲಿ ಕನಿಷ್ಠ 18 ಗ್ರಾಂ ಕರಗಿದ ಸಾರವಿರಬೇಕು. ಸಾಮಾನ್ಯ ಲಾಗರಿನಲ್ಲಿ ಅದು 11 ಅಥವಾ 12. ಬವೇರಿಯದ 1516ರ ಕಟ್ಟಳೆಯಂತೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಸೇರಕೂಡದು. ಸಕ್ಕರೆಯ ಅಡ್ಡದಾರಿ ಮುಚ್ಚಿದ ಮೇಲೆ ಮದ್ಯಸಾರವನ್ನು ಹೆಚ್ಚಿಸಬೇಕಾದರೆ ಮಾಲ್ಟನ್ನೇ ಹೆಚ್ಚಿಸಬೇಕು, ಮಾಲ್ಟ್ ಹೆಚ್ಚಿದರೆ ಮೈಯೂ ತುಂಬುತ್ತದೆ. ನಮ್ಮ ಸ್ಟ್ರಾಂಗ್ ಕಾಫಿಯ ಅರ್ಥದಲ್ಲಿ ಸ್ಟ್ರಾಂಗ್ ಆದ ಬಿಯರು ಇದು. ಹಾಗೆಂದು ಇದನ್ನು ತಲೆಯ ಮೇಲೆ ಹೊರಬೇಕಾಗಿಲ್ಲ. ಬಾಯಾರಿಕೆಗೆ ಇದು ಆಗದು. ಒಂದು ಲೋಟ ದಾಟಿದರೆ ಸಿಹಿ ಭಾರವಾಗುತ್ತದೆ, ಮದುವೆಮನೆಯ ಎರಡನೆಯ ಒಬ್ಬಟ್ಟಿನಂತೆ.

ನಮ್ಮ ಊರಿಗೆ ಬಿಯರು ಹೊಸತಲ್ಲ. ಥಾಮಸ್ ಲೀಷ್‌ಮನ್ ಎಂಬ ಸ್ಕಾಟಿಷ್ ಗೃಹಸ್ಥ 1915ರಲ್ಲಿ ದಕ್ಷಿಣದ ಹಲವು ಬಿಯರ್ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸನ್ನು ಕಟ್ಟಿದ. ಆದರೆ ಅದು ದಂಡಿನ ಕಡೆಯ ವ್ಯವಹಾರ. ಪೇಟೆಯ ಕಡೆಯ ನಾವು ಕಾಫಿಪುಡಿಯ ಅಂಗಡಿಗೆ ನಿಷ್ಠರಾಗಿದ್ದೆವು. 2011ರಲ್ಲಿ ಲ್ಯಾವೆಲ್ ರಸ್ತೆಯಲ್ಲಿ ಗಿರಾಕಿಯ ಕಣ್ಣೆದುರಿಗೇ ಬಿಯರು ಕಾಯಿಸುವ ಮನೆ ತೆರೆದ ಮೇಲೆ ಅಂಥವು ಊರೆಲ್ಲ ಹಬ್ಬಿದವು. ಅವುಗಳಲ್ಲೊಂದರಲ್ಲಿ ಡೊಪ್ಪೆಲ್‌ಬಾಕ್ ಮಾಡಿದ್ದಾರೆಂದು ತಿಳಿದು, ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ ಹೋದೆ. ಹೋಲಿಕೆಯಿಲ್ಲದೆ ವಿಮರ್ಶೆಯಿಲ್ಲ.

ಲೋಟ ಬಂದಾಗ ಬಣ್ಣವೇ ಅನುಮಾನ ಹುಟ್ಟಿಸಿತು. ತೀರ ಕಪ್ಪು. ಮೂಗಿಗೆ ಹುರಿದ ಕಂಪಿನ ಬದಲು ತಳ ಹತ್ತಿದ ಪಾತ್ರೆಯ ವಾಸನೆ. ಹದವಾಗಿ ಹುರಿದದ್ದಕ್ಕೂ ಸೀದುಹೋದದ್ದಕ್ಕೂ ಇರುವ ಅಂತರ ಅಡಿಗೆ ಬಲ್ಲ ಯಾರಿಗೂ ತಿಳಿದದ್ದೇ. ಕರಿಮಾಲ್ಟನ್ನು ಒಂದು ಹಿಡಿ ಹೆಚ್ಚಾಗಿ ಹಾಕಿ ಬಣ್ಣವನ್ನು ಬೇಗ ತಂದುಕೊಂಡಿದ್ದರೆಂದು ತೋರುತ್ತದೆ. ಸಿಹಿಯೂ ಮುಗಿದಿರಲಿಲ್ಲ, ಎಳೆ ಬರುವ ಮೊದಲೇ ಒಲೆಯಿಂದಿಳಿಸಿದ ಪಾಕದಂತೆ ನಾಲಗೆಗೆ ಅಂಟಿಕೊಂಡೇ ಇತ್ತು. ಆದರೂ ಅದರ ಮೈ ಸುಳ್ಳಲ್ಲ. ಸಕ್ಕರೆ ಬೆರೆಸದೆ ಬರಿಯ ಧಾನ್ಯದಿಂದಲೇ ಇಷ್ಟು ಗಟ್ಟಿ ಬಂದಿತ್ತು ಎಂಬುದನ್ನು ಒಪ್ಪಬೇಕು. ಸೀಸೆಯ ಮೇಲೆ ದೊಡ್ಡ ಅಕ್ಷರದಲ್ಲಿ ಸ್ಟ್ರಾಂಗ್ ಎಂದು ಬರೆಸಿಕೊಂಡ ಹತ್ತು ಬಿಯರುಗಳ ಎದುರಿಗೆ ಈ ದೋಷಯುಕ್ತವಾದ ಒಂದನ್ನು ನಾನು ಆರಿಸಿಕೊಂಡೇನು. ವ್ಯಾಕರಣ ತಪ್ಪಿದ ಪದ್ಯದಲ್ಲಿಯೂ ಕವಿ ಇದ್ದಾನೆಯೆ ಎಂದು ನೋಡುವ ಅಭ್ಯಾಸ ನಮಗಿದೆಯಲ್ಲ.

ಬಿಯರು ಕಾಯಿಸುವ ಯುವಕ ಅಲ್ಲಿಯೇ ಓಡಾಡುತ್ತಿದ್ದ. ವಿನಯವಂತ. ಎಷ್ಟು ದಿನ ತಣ್ಣಗೆ ಇಟ್ಟಿದ್ದಿರಿ ಎಂದು ಕೇಳಿದೆ. ಲಾಗರ್ ಎಂಬ ಹೆಸರೇ ಜರ್ಮನರ ‘ಕೂಡಿಡು’ ಎಂಬ ಧಾತುವಿನಿಂದ ಬಂದದ್ದು. ಹುದುಗಿದ ಮೇಲೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ, ಗಟ್ಟಿ ಬಿಯರಾದರೆ ತಿಂಗಳುಗಟ್ಟಲೆ ಇಟ್ಟರೆ ಒರಟುತನ ತಗ್ಗಿ ರುಚಿಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ‘ಮೂರು ವಾರ ಸಾರ್’ ಎಂದ. ಇನ್ನೊಂದು ತಿಂಗಳು ಬಿಟ್ಟಿದ್ದರೆ ಎಂದೆ. ಅವನು ಗಾಜಿನ ಆಚೆಗೆ ಸಾಲಾಗಿ ನಿಂತಿದ್ದ ತಾಮ್ರದ ಬಣ್ಣದ ತೊಟ್ಟಿಗಳ ಕಡೆಗೆ ನೋಡಿದ. ‘ಗೊತ್ತು ಸಾರ್. ಆದರೆ ಇರೋದು ಆರು ತೊಟ್ಟಿ. ಶನಿವಾರದ ಜನಕ್ಕೆ ಗೋಧಿ ಬಿಯರು ಬೇಕೇಬೇಕು, ಅದು ಹತ್ತು ಹದಿನೈದು ದಿನದಲ್ಲಿ ಖಾಲಿಯಾಗುತ್ತೆ. ಇದು ಒಂದನ್ನೇ ಎರಡು ತಿಂಗಳು ಹಿಡಿದುಕೊಂಡು ಕೂತರೆ ಮಾಲೀಕರು ಒಪ್ಪಲ್ಲ.’

ಬರುವ ಚಳಿಗಾಲಕ್ಕೆ ಮತ್ತೆ ಮಾಡುತ್ತಾನಂತೆ, ಕರಿಮಾಲ್ಟ್ ಕಡಿಮೆ ಮಾಡಿ. ತೊಟ್ಟಿ ಸಿಕ್ಕರೆ ಹೇಳಿಕಳುಹಿಸುತ್ತೇನೆ ಎಂದು ನನ್ನ ಫೋನ್ ನಂಬರು ಬರೆದುಕೊಂಡಿದ್ದಾನೆ.