ಬೀಸುವ ಕಲ್ಲು ಕೇಳಿದ ಪ್ರಶ್ನೆ

ಕಾಲ ಮತ್ತು ಸ್ಥಳ ಎಲ್ಲಿಯೂ ಕಡಿಯದ ಎಳೆಯಂತಿವೆಯೇ ಅಥವಾ ಪೋಣಿಸಿದ ಮಣಿಗಳಂತೆ ಬಿಡಿ ಬಿಡಿ ಚೂರುಗಳಿಂದ ಆಗಿವೆಯೇ? ಈ ಪ್ರಶ್ನೆ ಬಂದಾಗ ನಮ್ಮ ಭಾಷಣ, ಲೇಖನಗಳಲ್ಲಿ ಒಂದು ಸಿದ್ಧ ಉತ್ತರವಿರುತ್ತದೆ: ಕ್ವಾಂಟಮ್ ವಿಜ್ಞಾನ ಇಂದು ಹೇಳುವುದನ್ನು ನಮ್ಮ ವಿದ್ವಾಂಸರು ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದರು! ಇದೇ ಮಾತನ್ನು ನೆರೆಮನೆಯವರು ಕಣಾದ ಮಹರ್ಷಿಯ ಹೆಸರಲ್ಲಿ ಹೇಳಿದರೆ ನಾವು ನಗುತ್ತೇವೆ. ನಮ್ಮ ಮನೆಯಲ್ಲಿ ಹೇಳಿದರೆ ಚಪ್ಪಾಳೆ ತಟ್ಟುತ್ತೇವೆ. ರೋಗ ಎರಡೂ ಕಡೆ ಒಂದೇ.

ಹಾಗಾದರೆ ಅವರು ನಿಜವಾಗಿ ಹೇಳಿದ್ದೇನು? 9ನೇ ಶತಮಾನದಲ್ಲಿ ಅಬುಲ್ ಹುದೈಲ್‌ರಂಥ ಕಲಾಮ್ ಪಂಡಿತರು, ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಗೆ ಒಡೆಯಲಾಗದ ಅಂಶವೊಂದು ಉಳಿಯುತ್ತದೆಂದು ವಾದಿಸಿದರು. ಮುಂದೆ ಅಶ್ಅರಿ ಪಂಥದವರು ಇದನ್ನು ಬೆಳೆಸಿದರು. ವಸ್ತುವಿನ ಗುಣಗಳು ಎರಡು ಕ್ಷಣ ಬಾಳುವುದಿಲ್ಲ, ಸೃಷ್ಟಿಕರ್ತನು ಅವನ್ನು ಕ್ಷಣಕ್ಷಣವೂ ಹೊಸದಾಗಿ ಉಂಟುಮಾಡುತ್ತಾನೆ ಎಂಬುದು ಅವರ ನಿಲುವು. ದೇವನ ಸಾಮರ್ಥ್ಯವನ್ನು ವಿವರಿಸಲೆಂದು ಹುಟ್ಟಿದ ವಾದವಿದು. ಪ್ರಯೋಗಾಲಯದಲ್ಲಿ ಅಳೆದು ಕಂಡದ್ದಲ್ಲ.

ಎಲ್ಲರೂ ಇದಕ್ಕೆ ತಲೆದೂಗಲಿಲ್ಲ. ವಸ್ತುವನ್ನು ಎಷ್ಟು ಒಡೆದರೂ ಮುಗಿಯದೆಂದು ನಝ್ಝಾಮ್ ತಿರುಗಿ ನಿಂತರು. ಬೀಸುವ ಕಲ್ಲಿನ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಕಲ್ಲು ಒಂದು ಸುತ್ತು ತಿರುಗುವಾಗ ಅಂಚಿನ ಕಣ ದೂರ ಸಾಗುತ್ತದೆ, ಗೂಟದ ಹತ್ತಿರದ್ದು ಸ್ವಲ್ಪವೇ ಸಾಗುತ್ತದೆ. ಕ್ಷಣಕ್ಕೊಂದೇ ಹೆಜ್ಜೆ ಎಂದಾದರೆ ಒಳಗಿನ ಕಣ ಆಗಾಗ ನಿಂತು ಕಾಯಬೇಕು. ಆಗ ಕಲ್ಲು ಬಿರಿಯಬೇಡವೇ? ಬಿರಿಯುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಎಂದು ಕಲಾಮ್ ಪಂಡಿತರು ಉತ್ತರಿಸಿದರು. ಇದನ್ನು ದಾಖಲಿಸಿದವರು ಅರಬಿಯಲ್ಲಿ ಬರೆದ 12ನೇ ಶತಮಾನದ ಯಹೂದಿ ಚಿಂತಕ ಮೂಸಾ ಬಿನ್ ಮೈಮೂನ್.

1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ಚೌಕವನ್ನು ಮುಂದಿಟ್ಟರು. ನಾಲ್ಕು ಸಾಲುಗಳಲ್ಲಿ ನಾಲ್ಕು ನಾಲ್ಕು ಚುಕ್ಕೆ ಇಡಿ. ಬದಿಯಲ್ಲಿ ನಾಲ್ಕು, ಮೂಲೆಯಿಂದ ಮೂಲೆಗೂ ನಾಲ್ಕೇ. ಸ್ಥಳವು ಚುಕ್ಕೆಗಳಿಂದಾಗಿದ್ದರೆ ಕರ್ಣವೂ ಬದಿಯೂ ಸಮವಾಗಬೇಕಲ್ಲ! 1949ರಲ್ಲಿ ಗಣಿತಜ್ಞ ಹರ್ಮನ್ ವೈಲ್ ಎತ್ತಿದ್ದೂ ಇಂಥದೇ ಆಕ್ಷೇಪ.

ಇನ್ನು ವಿಜ್ಞಾನದ ಸಾಕ್ಷ್ಯ. ಕ್ವಾಂಟಮ್ ಸಿದ್ಧಾಂತದಲ್ಲಿ ಪರಮಾಣುವಿನ ಶಕ್ತಿ ಮೆಟ್ಟಿಲು ಮೆಟ್ಟಿಲಾಗಿದೆ ನಿಜ. ಆದರೆ ಅದರ ಸಮೀಕರಣಗಳಲ್ಲಿ ಕಾಲ ಅಖಂಡವಾಗಿಯೇ ಹರಿಯುತ್ತದೆ. 2009ರ ಮೇ ತಿಂಗಳಲ್ಲಿ ಫರ್ಮಿ ದೂರದರ್ಶಕವು ಸುಮಾರು 730 ಕೋಟಿ ವರ್ಷ ಪಯಣಿಸಿ ಬಂದ ಗಾಮಾ ಕಿರಣಗಳನ್ನು ಹಿಡಿಯಿತು. ಸ್ಥಳ ಚೂರು ಚೂರಾಗಿದ್ದರೆ ಹೆಚ್ಚು ಶಕ್ತಿಯ ಕಿರಣ ಹಿಂದೆ ಬೀಳಬೇಕೆಂದು ಕೆಲವು ಸಿದ್ಧಾಂತಗಳು ಹೇಳಿದ್ದವು. ಅಂಥ ವಿಳಂಬ ಕಾಣಲಿಲ್ಲ. ಅವುಗಳಲ್ಲಿ ಸರಳವಾದವು ಬಿದ್ದುಹೋದವು, ಪ್ರಶ್ನೆ ಮಾತ್ರ ಉಳಿಯಿತು.

ತೀರ್ಪೇ ಬಾರದ ಮೊಕದ್ದಮೆಯಲ್ಲಿ ನಾವು ವಿಜಯೋತ್ಸವ ಆಚರಿಸುತ್ತಿದ್ದೇವೆ. ನಾಳೆ ಸ್ಥಳವು ಅಖಂಡವೆಂದು ಸಾಬೀತಾದರೆ ಅಶ್ಅರಿಗಳನ್ನು ಕೈಬಿಟ್ಟು ಇಬ್ನ್ ಸೀನಾರನ್ನು ಹೊತ್ತು ಮೆರೆಸೋಣವೇ? ವಿಶ್ವಾಸವನ್ನು ಇಂದಿನ ಸಿದ್ಧಾಂತದ ಕೊಕ್ಕೆಗೆ ನೇತುಹಾಕಿದರೆ, ಆ ಕೊಕ್ಕೆ ಕಳಚಿದ ದಿನ ಏನು ಮಾಡುವುದು? ಇದನ್ನು ನಂಬಿ ಕಾಲೇಜಿಗೆ ಹೋದ ನಮ್ಮ ಮಕ್ಕಳು ಅಲ್ಲಿ ಸತ್ಯ ತಿಳಿದು, ನಾವು ಹೇಳಿದ ಉಳಿದದ್ದನ್ನೂ ಅನುಮಾನಿಸಿದರೆ ತಪ್ಪು ಯಾರದು?

ಆ ಹಿರಿಯರು ಎದುರಾಳಿಯ ಆಕ್ಷೇಪವನ್ನು ಅಡಗಿಸಿಡಲಿಲ್ಲ. ಎತ್ತಿ ಹೇಳಿ, ಉತ್ತರಿಸಲು ಹೆಣಗಿದರು. ನಮಗೆ ಬಂದ ಆಸ್ತಿ ಆ ಧೈರ್ಯ. ಮಕ್ಕಳಿಗೆ ಬೀಸುವ ಕಲ್ಲಿನ ಪ್ರಶ್ನೆಯನ್ನು ಕೊಡೋಣ. ಉತ್ತರವನ್ನು ಅವರೇ ಹುಡುಕಲಿ.